ಹಿಂದೆ ಅಷ್ಟು ರನ್‌ವೇ ಬಿಟ್ಟು ಮಧ್ಯದಿಂದ ಹಾರುವುದು ಸರಿಯಾ? ಅಪ್ಪ ಕೇಳಿದ ಪ್ರಶ್ನೆ

ಟಿಳಕವಾಡಿ ಗೆಳೆಯ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ.

ತಂಗಿಯ ಮಗಳಿಗೆ ಹೆಸರಿಡುವ ಕಾರ್ಯಕ್ರಮಕ್ಕೆ ಅಪ್ಪನನ್ನು ಬೆಂಗಳೂರಿಗೆ ವಿಮಾನದಲ್ಲಿ ಕರೆದುಕೊಂಡು ಹೋಗಿದ್ದೆ. ಅಪ್ಪ 31 ವರ್ಷ ಸರ್ಕಾರಿ ಬಸ್ ಓಡಿಸಿದವರು, ಬಹಳ ವರ್ಷ ಚೋರ್ಲಾ ಘಾಟ್ ದಾರಿಯಲ್ಲೇ. ವಿಮಾನ ಹತ್ತಿದ್ದು ಇದೇ ಮೊದಲು. ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ವಿಮಾನ ರನ್‌ವೇ ಮೇಲೆ ನಿಧಾನಕ್ಕೆ ತುದಿ ತನಕ ಹೋಯಿತು, ಅಲ್ಲಿ ಪೂರ್ತಿ ತಿರುಗಿ ನಿಂತಿತು, ಆಮೇಲೆ ಓಡಿತು. ಅಪ್ಪನಿಗೆ ಅದು ಬಹಳ ಸೇರಿತು. "ಹಿಂಗ ಇರಬೇಕು ನೋಡು, ಇರೋ ರಸ್ತಾ ಎಲ್ಲಾ ಮುಂದ ಇಟ್ಕೊಂಡ ಹೊಂಟ" ಎಂದರು.

ವಾಪಸ್ ಬರುವಾಗ ಬೆಂಗಳೂರಿನಲ್ಲಿ ಬೇರೆ ಥರ ಆಯಿತು. ಸಣ್ಣ ವಿಮಾನ, ಎಟಿಆರ್. ರನ್‌ವೇ ತುದಿಗೆ ಹೋಗಲೇ ಇಲ್ಲ. ನಡುವಿನಲ್ಲೆಲ್ಲೋ ಒಳಗೆ ತಿರುಗಿತು, ನಿಲ್ಲಲೂ ಇಲ್ಲ, ಹಾಗೇ ಓಡಿತು. ಕಿಟಕಿಯಿಂದ ನೋಡಿದರೆ ಹಿಂದೆ ಉದ್ದಕ್ಕೆ ಖಾಲಿ ರನ್‌ವೇ ಬಿದ್ದಿದೆ. ಅಪ್ಪ ನನ್ನ ಕೈ ಹಿಡಿದುಕೊಂಡು "ಅಷ್ಟು ರಸ್ತಾ ಹಿಂದ ಬಿಟ್ಟ ಬಂದಾನಲ್ಲೋ, ಯಾಕ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಎರಡು ಸಲ ಕೇಳಿದ್ದಾರೆ.

ಇದು ನಿಯಮದಲ್ಲಿ ಇದೆಯಾ? ಐದು ನಿಮಿಷ ಉಳಿಸಲು ಹೀಗೆ ಮಾಡುತ್ತಾರಾ? ಪೂರ್ತಿ ರನ್‌ವೇಯಿಂದಲೇ ಹಾರಬೇಕು ಎಂದು ಕಡ್ಡಾಯ ಮಾಡಿದರೆ ಏನು ತೊಂದರೆ? ಗೊತ್ತಿದ್ದವರು ಹೇಳಿ.

ಮುಧೋಳ ಕಬ್ಬು:
ನಿಮ್ಮ ಅಪ್ಪ ಹೇಳಿದ್ದೇ ಸರಿ. ಕಬ್ಬಿನ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಹಚ್ಚಿಕೊಂಡು ಏರು ಹತ್ತಿಸುವವನನ್ನು ಕೇಳಿ. ಕೆಳಗಿನಿಂದಲೇ ಓಟ ತೆಗೆದುಕೊಂಡು ಬರುತ್ತಾನೆ. ಏರಿನ ಬುಡಕ್ಕೆ ಬಂದು ಗೇರ್ ಹುಡುಕಿದರೆ ಹಿಂದಕ್ಕೆ ಜಾರುತ್ತದೆ. ಓಟಕ್ಕೆ ಜಾಗ ಇದ್ದಷ್ಟೂ ಒಳ್ಳೆಯದು, ಇದರಲ್ಲಿ ಚರ್ಚೆ ಏನಿದೆ?

ಚೆನ್ನಮ್ಮ ಸರ್ಕಲ್:
ಸಮಯ ಉಳಿಸಲಿಕ್ಕೇ ಮಾಡುವುದು. ಮುಂಬೈನಲ್ಲಿ ಒಂದೇ ರನ್‌ವೇಯಿಂದ ಗಂಟೆಗೆ 45ರ ಹತ್ತಿರ ವಿಮಾನ ಏಳುತ್ತವೆ, ಇಳಿಯುತ್ತವೆ. ಒಂದೊಂದೂ ತುದಿ ತನಕ ಸಾಲು ಹಚ್ಚಿ ನಿಂತರೆ ಸಂಜೆ ತನಕ ಮುಗಿಯುವುದಿಲ್ಲ.

ಕಲಿಕೆಯ ರೆಕ್ಕೆ:
ನಾನು ಪೈಲಟ್ ತರಬೇತಿಯಲ್ಲಿದ್ದೇನೆ, ಇನ್ನೂ ಸಣ್ಣ ಒಂಟಿ ಎಂಜಿನ್ ವಿಮಾನದಲ್ಲೇ ಹಾರುತ್ತಿದ್ದೇನೆ. ನಮಗೆ ಮೊದಲ ವಾರದಲ್ಲೇ ಕಲಿಸುವ ಮಾತಿದೆ. ಹಿಂದೆ ಬಿಟ್ಟ ರನ್‌ವೇ, ತಲೆಯ ಮೇಲೆ ಉಳಿದ ಎತ್ತರ, ಟ್ಯಾಂಕರ್‌ನಲ್ಲೇ ಉಳಿದ ಎಣ್ಣೆ, ಈ ಮೂರೂ ಪೈಲಟ್‌ಗೆ ಉಪಯೋಗಕ್ಕೆ ಬರುವುದಿಲ್ಲ ಅಂತ. ಪ್ರಪಂಚದಲ್ಲಿ ಎಲ್ಲ ಕಡೆ ಪೈಲಟ್‌ಗಳು ಹೇಳುವ ಹಳೆಯ ಮಾತು ಇದು.

ನಮ್ಮ ಸಣ್ಣ ವಿಮಾನಕ್ಕೆ ಇದು ಇನ್ನೂ ಜಾಸ್ತಿ ನಿಜ. ಇರುವುದು ಒಂದೇ ಎಂಜಿನ್. ನೆಲ ಬಿಟ್ಟು 150, 200 ಅಡಿ ಏರಿದಾಗ ಅದು ನಿಂತರೆ, ಮುಂದೆ ರನ್‌ವೇ ಉಳಿದಿದ್ದರೆ ಮೂಗು ಇಳಿಸಿ ಅದರ ಮೇಲೇ ಇಳಿಯಬಹುದು. ಉಳಿದಿಲ್ಲದಿದ್ದರೆ ಹೊಲ. ಹಿಂದಕ್ಕೆ ತಿರುಗಿ ಬರುತ್ತೇನೆ ಅಂದುಕೊಂಡವರು ಬಹಳ ಜನ ಸತ್ತಿದ್ದಾರೆ. ಅಷ್ಟು ಕಡಿಮೆ ಎತ್ತರದಲ್ಲಿ ತಿರುಗುವಾಗ ವೇಗ ಕಳೆದುಹೋಗುತ್ತದೆ. 2023ರ ಮೇ ಕೊನೆಯಲ್ಲಿ ಹೊನ್ನಿಹಾಳ ಹತ್ತಿರ ತರಬೇತಿ ವಿಮಾನ ಹೊಲದಲ್ಲಿ ಇಳಿದದ್ದು ನಿಮಗೆ ನೆನಪಿರಬಹುದು. ನಾನಂತೂ ಯಾವತ್ತೂ ತುದಿಯಿಂದಲೇ ಹೊರಡುತ್ತೇನೆ.

ಇನ್ನೊಂದು ವಿಷಯ, ಬಿಸಿಲು. ಸಾಂಬ್ರಾ ಸಮುದ್ರ ಮಟ್ಟಕ್ಕಿಂತ ಸುಮಾರು 2,490 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವಿಮಾನಕ್ಕೆ ತಾನು ಸುಮಾರು 5,700 ಅಡಿ ಮೇಲೆ ಇದ್ದ ಹಾಗೆ ಅನಿಸುತ್ತದೆ. ರೆಕ್ಕೆಗೂ ಗಾಳಿ ಕಡಿಮೆ, ಎಂಜಿನ್‌ಗೂ ಕಡಿಮೆ. ಬೆಳಿಗ್ಗೆ ಆರು ಗಂಟೆಗೆ ಸರಾಗ ಎದ್ದ ಅದೇ ವಿಮಾನ ಮಧ್ಯಾಹ್ನ ಎರಡಕ್ಕೆ ಎಷ್ಟು ಓಡಿದರೂ ಏಳುವುದಿಲ್ಲ ಅನಿಸುತ್ತದೆ.

ಗುಮ್ಮಟದ ಊರಿನವ:
ಹಾಗಾದರೆ ನಮ್ಮ ವಿಜಯಪುರದ ಬಿಸಿಲಿಗೆ ಬುರಣಾಪುರದ ಹೊಸ ವಿಮಾನ ನಿಲ್ದಾಣದ ರನ್‌ವೇ ಎಷ್ಟು ಉದ್ದ ಇರಬೇಕು? ಮೊದಲು ಎಟಿಆರ್ ಇಳಿದರೆ ಸಾಕು ಎಂದು ಯೋಜನೆ ಮಾಡಿದ್ದರು. ಆಮೇಲೆ ಎ320, ಅಂದರೆ ಅದಕ್ಕಿಂತ ದೊಡ್ಡ ಜೆಟ್, ಬರುವಂತೆ ದೊಡ್ಡದು ಮಾಡಿದರು. ಅದು ಸರಿಯಾದ ನಿರ್ಧಾರ ಅಂತ ಈಗ ಅರ್ಥವಾಗುತ್ತಿದೆ.

ಚೆನ್ನಮ್ಮ ಸರ್ಕಲ್:
ಕಲಬುರಗಿಯಲ್ಲಿ 3,175 ಮೀಟರ್ ಮಾಡಿದ್ದಾರೆ. ನಮ್ಮ ಸಾಂಬ್ರಾದ್ದು 2,300. ಇಷ್ಟು ಹಳೆಯ ನಿಲ್ದಾಣ, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು, ಆದರೂ ನಮಗೇ ಚಿಕ್ಕದು. ಬೇಜಾರಾಗುತ್ತದೆ.

ಗುಮ್ಮಟದ ಊರಿನವ:
ನಿಮಗೆ ಒಂದಾದರೂ ಇದೆ ಅಣ್ಣಾ. ನಾವು ಹುಬ್ಬಳ್ಳಿಗೋ ಕಲಬುರಗಿಗೋ ಬಸ್ ಹತ್ತಿ ಹೋಗಿ ಆಮೇಲೆ ವಿಮಾನ ಹತ್ತಬೇಕು.

ಟಿಳಕವಾಡಿ ಗೆಳೆಯ:
ವಿಷಯಕ್ಕೆ ಬನ್ನಿ ಮಾರಾಯರೆ. ಕಲಿಕೆಯ ರೆಕ್ಕೆ ಅವರೇ, ಹಾಗಾದರೆ ನೀವೂ ಅಪ್ಪನ ಕಡೆ ಅಲ್ವಾ?

ಬಲಗಡೆ ಸೀಟು:
ನಾನು ಮೂಲತಃ ಗೋಕಾಕ ಕಡೆಯವನು. ಎಂಟು ವರ್ಷದಿಂದ ವಿಮಾನದ ಬಲಗಡೆ ಸೀಟಿನಲ್ಲಿ, ಅಂದರೆ ಸಹ ಪೈಲಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಕಂಪನಿ ಹೆಸರು ಬೇಡ. ನಿಧಾನಕ್ಕೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಂಟಿ ಎಂಜಿನ್ ವಿಮಾನಕ್ಕೆ ಕಲಿಕೆಯ ರೆಕ್ಕೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಪ್ರಯಾಣಿಕರ ವಿಮಾನದ ಲೆಕ್ಕ ಬೇರೆ. ಎಲ್ಲಿಂದ ಹೊರಡುತ್ತೇವೋ ಅಲ್ಲಿಂದ ಮುಂದೆ ಇರುವ ಉದ್ದಕ್ಕೇ ಲೆಕ್ಕ ಹಾಕುತ್ತೇವೆ. ಪ್ರತಿ ಹಾರಾಟಕ್ಕೂ, ಪ್ರತಿ ಸಲ. ತೂಕ, ಉಷ್ಣಾಂಶ, ಗಾಳಿ, ರನ್‌ವೇ ಒಣಗಿದೆಯಾ ಒದ್ದೆಯಾ, ಎದುರಿಗೆ ಗುಡ್ಡ ಅಥವಾ ಟವರ್ ಇದೆಯಾ, ಎಲ್ಲ ಹಾಕಬೇಕು. ಆ ಲೆಕ್ಕ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು.

ಒಂದು, ಓಡುತ್ತಿರುವಾಗ ಏನಾದರೂ ಕೆಟ್ಟರೆ ಬ್ರೇಕ್ ಹಾಕಿ ರನ್‌ವೇ ಒಳಗೇ ನಿಲ್ಲಬಹುದಾ? ಇನ್ನೊಂದು, ನಿಲ್ಲಿಸಲು ಆಗದಷ್ಟು ವೇಗ ಬಂದ ಮೇಲೆ ಒಂದು ಎಂಜಿನ್ ಹೋದರೆ, ಉಳಿದ ಒಂದರಲ್ಲೇ ಎದ್ದು ತುದಿಯನ್ನು 35 ಅಡಿ ಎತ್ತರದಲ್ಲಿ ದಾಟಬಹುದಾ? ಈ ಎರಡರ ನಡುವಿನ ಗೆರೆಯ ವೇಗವನ್ನು ವಿ1 ಎನ್ನುತ್ತೇವೆ. ಅದಕ್ಕಿಂತ ಮೊದಲು ನಿಲ್ಲು, ದಾಟಿದ ಮೇಲೆ ಹಾರು. ಎರಡೂ ಎಂಜಿನ್ ಚೆನ್ನಾಗಿದ್ದಾಗ ಬೇಕಾಗುವ ದೂರಕ್ಕೂ 15 ಶೇಕಡಾ ಜಾಸ್ತಿ ಸೇರಿಸಿ ನೋಡುತ್ತಾರೆ. ಇವುಗಳಲ್ಲಿ ಯಾವುದು ದೊಡ್ಡದೋ ಅದು ಮುಂದಿರುವ ರನ್‌ವೇಯಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಆ ಜಾಗದಿಂದ ಹೊರಡುವ ಹಾಗೇ ಇಲ್ಲ.

ಬೆಂಗಳೂರಿನ ಎರಡೂ ರನ್‌ವೇ 4,000 ಮೀಟರ್. ಎಟಿಆರ್ 72ಕ್ಕೆ ಪೂರ್ತಿ ತೂಕದಲ್ಲಿ, ಸಮುದ್ರ ಮಟ್ಟದಲ್ಲಿ ಬೇಕಾಗುವುದು 1,300 ಮೀಟರ್ ಆಸುಪಾಸು. ಬೆಂಗಳೂರು 3,000 ಅಡಿ ಎತ್ತರ, ಅದಕ್ಕೆ ಇನ್ನೊಂದಿಷ್ಟು ಸೇರಿಸಿ. ಮಧ್ಯದಿಂದ ಹೊರಟರೂ ಎಟಿಆರ್‌ನ ಮುಂದೆ ಬಿದ್ದಿರುವ ರಸ್ತೆ, ಸಾಂಬ್ರಾದ ಪೂರ್ತಿ ರನ್‌ವೇಗೆ ಹೆಚ್ಚುಕಡಿಮೆ ಸಮ ಅಥವಾ ಅದಕ್ಕಿಂತ ಜಾಸ್ತಿ. ನಿಮ್ಮ ಅಪ್ಪನಿಗೆ ಇದೊಂದು ಮಾತು ಹೇಳಿ.

ಟಿಳಕವಾಡಿ ಗೆಳೆಯ:
ಸಾಂಬ್ರಾದ ಪೂರ್ತಿ ಉದ್ದಕ್ಕೆ ಸಮ ಎಂದು ಈಗಲೇ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಆದರೂ ಹಿಂದಿಂದು ಇದ್ದರ ಏನ್ ತ್ರಾಸ ಇತ್ತು?" ಎಂದರು.

ಮುಧೋಳ ಕಬ್ಬು:
ನೋಡಿ, ಹಿರಿಯರು ಸರಿಯಾಗಿ ಹಿಡಿದಿದ್ದಾರೆ. ಲೆಕ್ಕದಲ್ಲಿ ಸಾಕು ಎನ್ನುವುದು ಬೇರೆ, ಕೈಯಲ್ಲಿ ಉಳಿಕೆ ಇರುವುದು ಬೇರೆ. ಮನೆಗೆ ಎಂಟು ಜನ ಊಟಕ್ಕೆ ಬರುತ್ತಾರೆ ಅಂದರೆ ಎಂಟು ಜನಕ್ಕೇ ಅಳೆದು ರೊಟ್ಟಿ ಬಡಿಯುತ್ತೇವಾ?

ಕೃಷ್ಣಾ ತೀರದಾಕೆ:
ನನಗೆ ವಿಮಾನದ ತಾಂತ್ರಿಕ ವಿಷಯ ಗೊತ್ತಿಲ್ಲ. ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಬರುವಾಗ ಸಾಂಬ್ರಾ ಹತ್ತಿರ ವಿಮಾನ ಏಳುವುದನ್ನು ನೋಡುತ್ತೇನೆ, ಅಷ್ಟೇ. ಆದರೆ ಹೋದ ವರ್ಷ ಅಹಮದಾಬಾದ್ ಎಂದೇ ಎಲ್ಲರೂ ಹೇಳುತ್ತಿದ್ದರಲ್ಲ, ಆ 2025ರ ಜೂನ್ 12ರ ವಿಮಾನ. ಅದೂ ಅರ್ಧ ರನ್‌ವೇಯಿಂದ ಹಾರಿದ್ದಕ್ಕೇ ಬಿದ್ದಿದ್ದು ಅಂತ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಅದನ್ನು ಓದಿದ ಮೇಲೆ ನನಗೆ ಈಗಲೂ ಹೆದರಿಕೆ.

ಬಲಗಡೆ ಸೀಟು:
ಅಕ್ಕಾ, ಅದು ತಪ್ಪು ಸುದ್ದಿ. ಮೊದಲ ದಿನ ವಿಮಾನ ಜಾಡು ತೋರಿಸುವ ಜಾಲತಾಣದ ಮಾಹಿತಿ ಅರ್ಧಂಬರ್ಧ ಬಂದಿತ್ತು, ಅದನ್ನು ನೋಡಿ ಜನ ಹಾಗೆ ಹಂಚಿಕೊಂಡರು. ಆಮೇಲೆ ಅವರೇ ಸರಿ ಮಾಡಿದರು. ಆ ವಿಮಾನ ರನ್‌ವೇ ಮೇಲೇ ಹಿಂದಕ್ಕೆ ಹೋಗಿ, ತುದಿಯಲ್ಲಿ ತಿರುಗಿ, ಪೂರ್ತಿ ಉದ್ದ ಬಳಸಿ ಹೊರಟಿತ್ತು. ನಮ್ಮ ಸಾಂಬ್ರಾದಲ್ಲಿ ಮಾಡಿದ ಹಾಗೇ. ಅಲ್ಲಿನ ರನ್‌ವೇ 3,500 ಮೀಟರ್. ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಜುಲೈನಲ್ಲಿ ಬಂತು. ನೆಲ ಬಿಟ್ಟ ಕೂಡಲೇ ಎರಡೂ ಎಂಜಿನ್‌ನ ಇಂಧನದ ಸ್ವಿಚ್‌ಗಳು ಒಂದು ಸೆಕೆಂಡ್ ಅಂತರದಲ್ಲಿ ಬಂದ್ ಸ್ಥಾನಕ್ಕೆ ಹೋದವು ಎಂದು ಅದರಲ್ಲಿ ಇದೆ. ರನ್‌ವೇ ಉದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. 260 ಜನ ಹೋದರು, ನೆಲದ ಮೇಲಿದ್ದ 19 ಜನ ಸೇರಿ. ಅವರ ಮನೆಯವರು ಈ ಸುದ್ದಿಗಳನ್ನು ಓದುತ್ತಾರೆ. ದಯವಿಟ್ಟು ಆ ಗುಂಪಿನಲ್ಲಿ ಇದು ತಪ್ಪು ಎಂದು ಹಾಕಿ.

ಕೃಷ್ಣಾ ತೀರದಾಕೆ:
ಹಾಕುತ್ತೇನೆ. ತಿಳಿಸಿದ್ದಕ್ಕೆ ಧನ್ಯವಾದ ತಮ್ಮಾ.

ಸಾಂಬ್ರಾ ನಿವೃತ್ತ:
ವಾಯುಪಡೆಯಲ್ಲಿ 20 ವರ್ಷ ವಿಮಾನದ ನಿರ್ವಹಣೆ ಕೆಲಸ ಮಾಡಿದವನು ನಾನು. ತರಬೇತಿ ಆಗಿದ್ದೂ ಇದೇ ಸಾಂಬ್ರಾದಲ್ಲಿ. ಬಲಗಡೆ ಸೀಟಿನ ತಮ್ಮ ಹೇಳಿದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಹಾಕುವವನು ಮನುಷ್ಯ.

2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಕತಾರ್ ಏರ್‌ವೇಸ್‌ನ ಬೋಯಿಂಗ್ 777 ಹೊರಟಿತು. ರನ್‌ವೇ ಸುಮಾರು 3,960 ಮೀಟರ್. ಲೆಕ್ಕ ಹಾಕಿದ್ದು ಪೂರ್ತಿ ಉದ್ದಕ್ಕೆ. ಹೊರಟಿದ್ದು ಮಧ್ಯದ ಒಂದು ದಾರಿಯಿಂದ, ಮುಂದೆ ಉಳಿದಿದ್ದು 2,600 ಮೀಟರ್ ಚಿಲ್ಲರೆ. ವಿಮಾನ ಎದ್ದಿತು, ಆದರೆ ತುದಿಯ ಆಚೆ ನೆಟ್ಟಿದ್ದ ದೀಪದ ಕಂಬಗಳಿಗೆ ಹೊಟ್ಟೆ ತಾಗಿಸಿಕೊಂಡು ಎದ್ದಿತು. ಹೊಟ್ಟೆಯ ತಗಡು ಹರಿದಿತ್ತು. ಪೈಲಟ್‌ಗಳಿಗೆ ಗೊತ್ತೇ ಆಗಲಿಲ್ಲ, ದೋಹಾ ತನಕ ಹಾರಿದರು. ಅಲ್ಲಿ ಇಳಿದ ಮೇಲೆ ನಮ್ಮಂಥ ನೆಲದ ಕೆಲಸದವರು ನೋಡಿ ಹೇಳಿದರು. ಇದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಕೈಯಿಂದ ಮುಟ್ಟಿ ವಿಮಾನ ರಿಪೇರಿ ಮಾಡಿದವನಿಗೆ ಆ ಸೀಳು ಎಂದರೆ ಏನೆಂದು ಗೊತ್ತಾಗುತ್ತದೆ.

ಅದಕ್ಕೂ ಮೊದಲು, 2009ರಲ್ಲಿ, ಸೇಂಟ್ ಕಿಟ್ಸ್ ಎಂಬ ಸಣ್ಣ ದ್ವೀಪದಲ್ಲಿ ಬ್ರಿಟಿಷ್ ಏರ್‌ವೇಸ್‌ನ 777 ಕೂಡ ತಪ್ಪು ದಾರಿಯಿಂದ ರನ್‌ವೇಗೆ ಬಂತು. 1,900 ಮೀಟರ್ ಇದೆ ಅಂದುಕೊಂಡಿದ್ದರು, ಇದ್ದಿದ್ದು 1,220. ಹೇಗೋ ಎದ್ದಿತು.

ತುದಿಯಿಂದಲೇ ಹೊರಡುತ್ತೇವೆ ಎಂಬ ಒಂದೇ ರೂಢಿ ಇದ್ದರೆ ಈ ಗೊಂದಲಕ್ಕೆ ಜಾಗವೇ ಇಲ್ಲ. ತುದಿ ಒಂದೇ ಇರುತ್ತದೆ. ಮಧ್ಯದ ದಾರಿಗಳು ಹತ್ತು ಇರುತ್ತವೆ. ಇದು ನನ್ನ ವಾದ.

ಬಲಗಡೆ ಸೀಟು:
ಕಾಕಾ, ನಿಮ್ಮ ಮಾತು ಒಪ್ಪುತ್ತೇನೆ, ಮಯಾಮಿಯದ್ದು ನಮಗೆ ತರಗತಿಯಲ್ಲೂ ಹೇಳುತ್ತಾರೆ. ಆದರೆ ಅಲ್ಲಿ ತಪ್ಪು ಆಗಿದ್ದು ಮಧ್ಯದಿಂದ ಹೊರಟಿದ್ದಲ್ಲ, ಒಂದು ಜಾಗದ ಲೆಕ್ಕ ಇಟ್ಟುಕೊಂಡು ಇನ್ನೊಂದು ಜಾಗದಿಂದ ಹೊರಟಿದ್ದು. ಅದಕ್ಕೇ ಈಗ ರನ್‌ವೇಗೆ ಕಾಲಿಡುವ ಮೊದಲು ಇಬ್ಬರೂ ಬೋರ್ಡ್ ನೋಡಿ ಗಟ್ಟಿಯಾಗಿ ಓದುತ್ತೇವೆ. ಲೆಕ್ಕದ ಪರದೆ ಮೇಲಿನ ರನ್‌ವೇ, ದಾರಿಯ ಹೆಸರು, ಹೊರಗಿನ ಬೋರ್ಡ್ ಒಂದೇ ಇರಬೇಕು. ಇಲ್ಲದಿದ್ದರೆ ನಿಲ್ಲಿಸುತ್ತೇವೆ.

ಪೂರ್ತಿ ಉದ್ದ ಇದ್ದರೂ ತಪ್ಪು ಲೆಕ್ಕ ಬಿಡುವುದಿಲ್ಲ. 2009ರ ಮಾರ್ಚ್‌ನಲ್ಲಿ ಮೆಲ್ಬೋರ್ನ್‌ನಲ್ಲಿ ಎಮಿರೇಟ್ಸ್ ವಿಮಾನ. ತೂಕ 362.9 ಟನ್ ಎಂದು ಹಾಕಬೇಕಿತ್ತು, 262.9 ಎಂದು ಹಾಕಿದರು. ಒಂದೇ ಅಂಕಿ. 100 ಟನ್ ಮಾಯ. ಎಂಜಿನ್ ಶಕ್ತಿ ಕಡಿಮೆ ಇಟ್ಟರು. 3,600 ಮೀಟರ್‌ಗೂ ಉದ್ದದ ರನ್‌ವೇ ಮುಗಿದರೂ ಏಳಲಿಲ್ಲ, ಬಾಲ ನೆಲಕ್ಕೆ ಉಜ್ಜಿತು, ರನ್‌ವೇ ದಾಟಿ ಹುಲ್ಲಿನ ಮೇಲೆ ಹೋಗಿ ಎದ್ದಿತು. 275 ಜನ ಇದ್ದರು.

ಸಾಂಬ್ರಾ ನಿವೃತ್ತ:
ಅದೇ ಮೆಲ್ಬೋರ್ನ್ ನನ್ನ ಕಡೆಯ ಸಾಕ್ಷಿ ತಮ್ಮಾ. 275 ಜನವೂ ಬದುಕಿದರಲ್ಲ? ಕೊನೆಯಲ್ಲಿ ಪೈಲಟ್ ಪೂರ್ತಿ ಶಕ್ತಿ ಕೊಟ್ಟ, ಅದಕ್ಕೆ ಸಮಯ ಸಿಕ್ಕಿತು. ಅದೇ ತಪ್ಪು ಅಂಕಿ ಇಟ್ಟುಕೊಂಡು ಅದೇ ಕಡಿಮೆ ಶಕ್ತಿಯಲ್ಲಿ ಮಧ್ಯದಿಂದ ಹೊರಟಿದ್ದರೆ? 800 ಮೀಟರ್ ಕಡಿಮೆ ಇದ್ದಿದ್ದರೆ?

ಬಲಗಡೆ ಸೀಟು:
ಮಧ್ಯದಿಂದ ಹೊರಟಿದ್ದರೆ ಕಂಪ್ಯೂಟರ್ ಜಾಸ್ತಿ ಶಕ್ತಿ ಕೇಳುತ್ತಿತ್ತು ಕಾಕಾ. ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ರನ್‌ವೇ ಉದ್ದ ಇದ್ದರೆ ನಾವು ಎಂಜಿನ್ನನ್ನು ಪೂರ್ತಿ ಶಕ್ತಿಯಲ್ಲಿ ಓಡಿಸುವುದೇ ಇಲ್ಲ. ಇರುವ ಉದ್ದಕ್ಕೆ ಸಾಕಾಗುವಷ್ಟು ಮಾತ್ರ ಇಡುತ್ತೇವೆ. ಶೇಕಡಾ 25ರ ತನಕ ಕಡಿಮೆ ಮಾಡಬಹುದು, ಅದಕ್ಕಿಂತ ಕೆಳಗೆ ಹೋಗುವಂತಿಲ್ಲ. ಹೊರಗೆ 30 ಡಿಗ್ರಿ ಇದ್ದರೂ 50 ಡಿಗ್ರಿ ಇದೆ ಎಂದುಕೊಂಡು ಲೆಕ್ಕ ಹಾಕುವುದು, ಆ ಬಿಸಿಲಿನಲ್ಲಿ ಎಂಜಿನ್ ಎಷ್ಟು ಕೊಡುತ್ತಿತ್ತೋ ಅಷ್ಟೇ ತೆಗೆದುಕೊಳ್ಳುವುದು. ಎಂಜಿನ್ ಕಡಿಮೆ ಕಾಯುತ್ತದೆ, ಬಾಳಿಕೆ ಬರುತ್ತದೆ, ಕೆಡುವುದೂ ಕಡಿಮೆ.

ಅಂದರೆ ಉದ್ದ ಇದ್ದಷ್ಟೂ ಉಳಿಕೆ ಜಾಸ್ತಿ ಎಂದು ಪ್ರಯಾಣಿಕರು ಅಂದುಕೊಳ್ಳುತ್ತಾರೆ. ನಿಜಕ್ಕೆ ಉದ್ದ ಸಿಕ್ಕರೆ ಶಕ್ತಿ ಇಳಿಸುತ್ತೇವೆ, ಉದ್ದ ಕಡಿಮೆಯಾದರೆ ಶಕ್ತಿ ಏರಿಸುತ್ತೇವೆ.

ಲೆಕ್ಕದ ಮಾಸ್ತರ:
ಇದು ನನಗೆ ಸರಿ ಕಾಣುತ್ತಿಲ್ಲ. ಹೈಸ್ಕೂಲಿನಲ್ಲಿ 26 ವರ್ಷ ಲೆಕ್ಕ ಕಲಿಸಿದ್ದೇನೆ. ಉದ್ದ ಜಾಸ್ತಿ ಇದ್ದಾಗ ಶಕ್ತಿ ಇಳಿಸಿ, ಆ ಉಳಿಕೆಯನ್ನು ಎಂಜಿನ್ ಉಳಿಸಲು ಖರ್ಚು ಮಾಡಿದರೆ, ಮುಧೋಳದವರು ಹೇಳಿದ ರೊಟ್ಟಿ ಮತ್ತೆ ಎಂಟೇ ಆಯಿತಲ್ಲ? ಪೂರ್ತಿ ರನ್‌ವೇ, ಪೂರ್ತಿ ಶಕ್ತಿ, ಎರಡೂ ಬಳಸಿದರೆ ಏನಾಗುತ್ತದೆ?

ಬಲಗಡೆ ಸೀಟು:
ಒಳ್ಳೆಯ ಪ್ರಶ್ನೆ ಸರ್. ಎಂಟೇ ಅಲ್ಲ, ಒಂಬತ್ತು ಅನ್ನಿ. 50 ಡಿಗ್ರಿ ಎಂದುಕೊಂಡು ಹಾಕಿದ ಲೆಕ್ಕದಲ್ಲಿ ಗಾಳಿ ತೆಳು ಎಂದು ಹಿಡಿದಿರುತ್ತೇವೆ, ನಿಜವಾದ ಗಾಳಿ 30 ಡಿಗ್ರಿಯದು, ದಪ್ಪ. ಹಾಗಾಗಿ ವಿಮಾನ ಲೆಕ್ಕಕ್ಕಿಂತ ಬೇಗ ಏಳುತ್ತದೆ. ಜೊತೆಗೆ ಶಕ್ತಿ ಇಳಿಸಿದ್ದರೂ ಬೇಕು ಅಂದಾಗ ಲಿವರ್ ಮುಂದಕ್ಕೆ ತಳ್ಳಿದರೆ ಪೂರ್ತಿ ಸಿಗುತ್ತದೆ. ಮೆಲ್ಬೋರ್ನ್‌ನಲ್ಲಿ ಆಗಿದ್ದು ಅದೇ.

ಪ್ರತಿ ಸಲ ಪೂರ್ತಿ ಶಕ್ತಿ ಎಂದರೆ ಎಂಜಿನ್ ಬೇಗ ಸವೆಯುತ್ತದೆ. ಸವೆದ ಎಂಜಿನ್ ಕೂಡ ಒಂದು ಅಪಾಯವೇ ಅಲ್ವಾ?

ಲೆಕ್ಕದ ಮಾಸ್ತರ:
ಸರಿ, ಈಗ ಅರ್ಥವಾಯಿತು. ಆದರೆ ನಿಮ್ಮ ಮಾತಿನಿಂದಲೇ ಇನ್ನೊಂದು ಹೊರಡುತ್ತದೆ. ಮಧ್ಯದಿಂದ ಹೊರಟರೆ ಶಕ್ತಿ ಜಾಸ್ತಿ ಬೇಕು, ಎಂಜಿನ್ ಜಾಸ್ತಿ ಸವೆಯುತ್ತದೆ. ಹಾಗಾದರೆ ಮಧ್ಯದಿಂದ ಹೊರಟು ಉಳಿಸುವುದು ಎರಡು ಮೂರು ನಿಮಿಷದ ಎಣ್ಣೆ, ಕಳೆಯುವುದು ಎಂಜಿನ್ ಆಯುಷ್ಯ. ಲಾಭ ಯಾರಿಗೆ?

ಬಲಗಡೆ ಸೀಟು:
ಜೆಟ್‌ಗಳಿಗೆ ನೀವು ಹೇಳಿದ್ದು ನಿಜ. ಅದಕ್ಕೇ ಭಾರ ಜಾಸ್ತಿ ಇದ್ದಾಗ ನಮ್ಮ ಕ್ಯಾಪ್ಟನ್‌ಗಳು ಪೂರ್ತಿ ಉದ್ದವನ್ನೇ ಕೇಳುತ್ತಾರೆ. ನಿಲ್ದಾಣದ ಕಂಟ್ರೋಲ್ ಟವರ್‌ನವರು ಮಧ್ಯದಿಂದ ಹೊರಡುತ್ತೀರಾ ಎಂದು ಕೇಳಬಹುದು, ಒತ್ತಾಯ ಮಾಡುವಂತಿಲ್ಲ. ಕೊನೆಯ ಮಾತು ಕ್ಯಾಪ್ಟನ್‌ದು.

ಇನ್ನೊಂದು, ದೊಡ್ಡ ಜೆಟ್ ತುದಿಯಿಂದ ಹಾರಿದ ಮೇಲೆ ಅದರ ರೆಕ್ಕೆಯ ಹಿಂದೆ ಗಾಳಿ ಸುಳಿ ಏಳುತ್ತದೆ. ಸಣ್ಣ ವಿಮಾನ ಅದೇ ಜಾಗದಿಂದ ಹೊರಡುವುದಾದರೆ 2 ನಿಮಿಷ ಕಾಯಬೇಕು. ಮಧ್ಯದಿಂದ ಹೊರಡುವುದಾದರೆ 3 ನಿಮಿಷ. ಹಾಗಾಗಿ ಮಧ್ಯದಿಂದ ಹೊರಟರೆ ಯಾವಾಗಲೂ ಸಮಯ ಉಳಿಯುತ್ತದೆ ಎಂದೂ ಇಲ್ಲ.

ಚೆನ್ನಮ್ಮ ಸರ್ಕಲ್:
ಇದು ಗೊತ್ತಿರಲಿಲ್ಲ. ನನ್ನ ಮೊದಲಿನ ಮಾತು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ.

ಹತ್ತಿ ಬಜಾರ್:
ತಡವಾಗಿ ಓದಿದೆ. ಒಂದು ಹಳೆಯ ಘಟನೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆತನದ್ದು ವಿಜಯಪುರದಲ್ಲಿ ಹತ್ತಿ ವ್ಯಾಪಾರ. ಔರಂಗಾಬಾದ್ ಕಡೆಯ ಜಿನ್ನಿಂಗ್ ಮಿಲ್‌ಗಳ ಜೊತೆ ವ್ಯವಹಾರ ಇತ್ತು.

1993ರ ಏಪ್ರಿಲ್ 26. ಔರಂಗಾಬಾದ್‌ನಿಂದ ಮುಂಬೈಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ಬೋಯಿಂಗ್ 737, ಒಳಗೆ 118 ಜನ. ಮಧ್ಯಾಹ್ನದ ಬಿಸಿಲು. ರನ್‌ವೇ 6,000 ಅಡಿ, ಅಂದರೆ 1,830 ಮೀಟರ್ ಆಸುಪಾಸು. ವಿಮಾನ ಪೂರ್ತಿ ಉದ್ದ ಓಡಿ ಹೆಚ್ಚುಕಡಿಮೆ ತುದಿಯಲ್ಲಿ ಎದ್ದಿತು. ತುದಿಯ ಆಚೆ ಬೀಡ್ ರಸ್ತೆ. ಆ ರಸ್ತೆಯಲ್ಲಿ ಹತ್ತಿಯ ಬೇಲ್ ಹೇರಿಕೊಂಡು ಒಂದು ಲಾರಿ ಹೊರಟಿತ್ತು. ವಿಮಾನದ ಎಡಗಡೆ ಚಕ್ರ ಆ ಬೇಲ್‌ಗಳಿಗೆ ಬಡಿಯಿತು. ಮುಂದೆ ವಿದ್ಯುತ್ ತಂತಿಗೆ ಸಿಕ್ಕು ಬಿತ್ತು. 55 ಜನ ಹೋದರು. ತಡವಾಗಿ ಎತ್ತಿದ್ದು ಪೈಲಟ್ ತಪ್ಪು ಎಂದು ತನಿಖೆ ಹೇಳಿತು, ವಿಮಾನ ಏಳುವಾಗ ಆ ರಸ್ತೆಯ ವಾಹನ ತಡೆಯದಿದ್ದ ನಿಲ್ದಾಣದ ಆಡಳಿತದ್ದೂ ತಪ್ಪು ಎಂದಿತು.

ನಾನಾಗ ಹುಡುಗ. ಹತ್ತಿಯ ಬೇಲ್ ಎಂದರೆ ಏನೆಂದು ನನಗೆ ಗೊತ್ತಿತ್ತು. ಒತ್ತಿ ಕಟ್ಟಿದ ಹತ್ತಿ ಕಲ್ಲಿನ ಹಾಗೆ ಇರುತ್ತದೆ. ನಮ್ಮ ತಂದೆ ಪೇಪರ್ ಓದಿ ಮಡಚಿಟ್ಟು ಅವತ್ತು ಅಂಗಡಿ ತೆಗೆಯಲಿಲ್ಲ. ನಾವೂ ಅಂಥ ಲಾರಿ ಲೋಡ್ ಮಾಡಿ ಕಳಿಸುವವರೇ ಅಲ್ವಾ ಎಂದಿದ್ದರು.

ಇಲ್ಲಿ ಪೈಲಟ್ ರನ್‌ವೇ ಹಿಂದೆ ಬಿಟ್ಟಿರಲಿಲ್ಲ. ಪೂರ್ತಿ ಇತ್ತು. ಆದರೂ ಸಾಲಲಿಲ್ಲ.

ಸಾಂಬ್ರಾ ನಿವೃತ್ತ:
ಅಣ್ಣಾ, ಬರೆದಿದ್ದು ಒಳ್ಳೆಯದಾಯಿತು. ಆ ದಿನ ನನಗೂ ನೆನಪಿದೆ. ರನ್‌ವೇ ತುದಿಯ ಆಚೆ ಏನಿದೆ ಎನ್ನುವುದನ್ನು ನಾವು ಯಾರೂ ಮಾತಾಡಿರಲಿಲ್ಲ. ಈಗ ರನ್‌ವೇ ಮುಗಿದ ಮೇಲೂ ಸುರಕ್ಷತಾ ಜಾಗ ಬಿಡಬೇಕು ಎಂಬ ನಿಯಮ ಇದೆ, ಕಡಿಮೆ ಅಂದರೆ 90 ಮೀಟರ್, 240 ಇದ್ದರೆ ಒಳ್ಳೆಯದು.

ಮುಧೋಳ ಕಬ್ಬು:
ಮಂಗಳೂರಿನಲ್ಲಿ 2010ರ ಮೇ 22ರಂದು ಆಗಿದ್ದೂ ತುದಿ ದಾಟಿದ್ದಕ್ಕೇ ಅಲ್ವಾ? 158 ಜನ.

ಬಲಗಡೆ ಸೀಟು:
ಅದು ಇಳಿಯುವಾಗ ಆಗಿದ್ದು. ಚಕ್ರ ಮುಟ್ಟಬೇಕಾದ ಜಾಗಕ್ಕಿಂತ ಬಹಳ ಮುಂದೆ ಮುಟ್ಟಿತ್ತು, ಉಳಿದ ಉದ್ದ ಸಾಲಲಿಲ್ಲ. ಇಳಿಯುವಾಗಿನ ಲೆಕ್ಕ ಬೇರೆ, ಆದರೆ ಹಿಂದೆ ಹೋದ ರನ್‌ವೇ ವಾಪಸ್ ಬರುವುದಿಲ್ಲ ಎಂಬುದು ಅಲ್ಲೂ ಒಂದೇ.

ಗುಮ್ಮಟದ ಊರಿನವ:
ಸಾಂಬ್ರಾದಲ್ಲಿ ಕೆಲವು ಸಲ ಪಶ್ಚಿಮಕ್ಕೆ ಹಾರುತ್ತದೆ, ಕೆಲವು ಸಲ ಪೂರ್ವಕ್ಕೆ. ಅದು ಯಾಕೆ? ವಿಷಯ ಬಿಟ್ಟು ಕೇಳುತ್ತಿದ್ದೇನೆ.

ಕಲಿಕೆಯ ರೆಕ್ಕೆ:
ವಿಷಯದ್ದೇ ಅದು. ಗಾಳಿಗೆ ಎದುರಾಗಿ ಓಡಿದರೆ ಕಡಿಮೆ ದೂರದಲ್ಲಿ ಏಳಬಹುದು. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಜೋರು, ಹಾಗಾಗಿ ಪಶ್ಚಿಮಕ್ಕೆ ಮುಖ ಮಾಡಿ ಹೊರಡುತ್ತಾರೆ. ರನ್‌ವೇ ಮೇಲೆ 26 ಎಂದು ಬರೆದಿದ್ದರೆ 260 ಡಿಗ್ರಿ, ಪಶ್ಚಿಮ. ಇನ್ನೊಂದು ತುದಿಯಲ್ಲಿ 08, ಅಂದರೆ 80 ಡಿಗ್ರಿ, ಪೂರ್ವ.

ಕೃಷ್ಣಾ ತೀರದಾಕೆ:
ಆ ಸಂಖ್ಯೆಗೆ ಇದು ಅರ್ಥ ಅಂತ ಇವತ್ತು ಗೊತ್ತಾಯಿತು! ನಮ್ಮ ಹುಡುಗರಿಗೆ ಹೇಳುತ್ತೇನೆ. ಅಂದಹಾಗೆ ವಿಮಾನದಲ್ಲಿ ಕುಂದಾ ಒಯ್ಯಲು ಬಿಡುತ್ತಾರಾ?

ಚೆನ್ನಮ್ಮ ಸರ್ಕಲ್:
ಬಿಡುತ್ತಾರೆ ಅಕ್ಕಾ, ಚೆನ್ನಾಗಿ ಪ್ಯಾಕ್ ಮಾಡಿಸಿ. ನಾನು ಪ್ರತಿ ಸಲ ಎರಡು ಕಿಲೋ ಒಯ್ಯುತ್ತೇನೆ. ಕರದಂಟು ಆದರೆ ಇನ್ನೂ ಸುಲಭ, ಸೋರುವುದಿಲ್ಲ.

ಲೆಕ್ಕದ ಮಾಸ್ತರ:
ನನ್ನ ಅಭಿಪ್ರಾಯ ಹೇಳುತ್ತೇನೆ, ಬೇರೆಯವರು ಒಪ್ಪದಿರಬಹುದು. ಎಲ್ಲ ಕಡೆ ಪೂರ್ತಿ ಉದ್ದ ಕಡ್ಡಾಯ ಎನ್ನುವುದು ಬೇಡ. 4,000 ಮೀಟರ್ ಇರುವಲ್ಲಿ ಎಟಿಆರ್‌ನ್ನು ತುದಿ ತನಕ ಓಡಿಸುವುದರಲ್ಲಿ ಅರ್ಥ ಇಲ್ಲ. ಆದರೆ ರನ್‌ವೇ 2,500 ಮೀಟರ್‌ಗಿಂತ ಕಡಿಮೆ ಇರುವ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನ ತುದಿಯಿಂದಲೇ ಹೊರಡಲಿ. ಸಾಂಬ್ರಾ ಅದರಲ್ಲಿ ಬರುತ್ತದೆ.

ಸಾಂಬ್ರಾ ನಿವೃತ್ತ:
ನಾನು ಇನ್ನೂ ಒಂದು ಹೆಜ್ಜೆ ಮುಂದೆ. ಉದ್ದ ಎಷ್ಟೇ ಇರಲಿ, ಒದ್ದೆ ರನ್‌ವೇ ಇದ್ದಾಗ, ಹೊಸ ಕ್ಯಾಪ್ಟನ್ ಇದ್ದಾಗ, ರಾತ್ರಿ ಇದ್ದಾಗ ತುದಿಯಿಂದಲೇ. ದಣಿದ ಮನುಷ್ಯನಿಗೆ ಆಯ್ಕೆ ಕಡಿಮೆ ಇದ್ದಷ್ಟೂ ತಪ್ಪು ಕಡಿಮೆ.

ಬಲಗಡೆ ಸೀಟು:
ಕಾಕಾ, ಕೊನೆಯ ಮಾತಿಗೆ ನನ್ನ ಹತ್ತಿರ ಎದುರು ವಾದ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಾಲ್ಕನೇ ಹಾರಾಟಕ್ಕೆ ಕೂತಾಗ ನಾನೂ ಕ್ಯಾಪ್ಟನ್‌ಗೆ "ಸರ್, ಪೂರ್ತಿ ತೆಗೆದುಕೊಳ್ಳೋಣ" ಎಂದು ಹೇಳಿದ್ದಿದೆ. ಒಬ್ಬರೂ ಬೇಡ ಎಂದಿಲ್ಲ.

ಟಿಳಕವಾಡಿ ಗೆಳೆಯ:
ಎಲ್ಲವನ್ನೂ ಮೊದಲಿನಿಂದ ಅಪ್ಪನಿಗೆ ಓದಿ ಹೇಳಿದೆ, ಒಂದು ಗಂಟೆ ಆಯಿತು. ಮಯಾಮಿಯದ್ದನ್ನು ಎರಡು ಸಲ ಓದಿಸಿದರು. ಔರಂಗಾಬಾದ್ ಲಾರಿಯ ವಿಷಯಕ್ಕೆ ಏನೂ ಮಾತಾಡಲಿಲ್ಲ, ಎದ್ದು ಹೋಗಿ ನೀರು ಕುಡಿದು ಬಂದರು. ಇಬ್ಬರೂ ಬೋರ್ಡ್ ನೋಡಿ ಗಟ್ಟಿಯಾಗಿ ಓದುತ್ತಾರೆ ಎಂಬುದು ಮಾತ್ರ ಅವರಿಗೆ ಬಹಳ ಹಿಡಿಸಿದೆ. ಘಾಟಿನಲ್ಲಿ ಮಂಜು ಬಿದ್ದಾಗ ಕಂಡಕ್ಟರ್‌ನನ್ನು ಮುಂದೆ ಕರೆದು ಕಿಲೋಮೀಟರ್ ಕಲ್ಲು ಓದಿಸುತ್ತಿದ್ದರಂತೆ, ಇವತ್ತು ಮೊದಲ ಸಲ ನನಗೆ ಹೇಳಿದರು.

ದೀಪಾವಳಿಗೆ ಮತ್ತೆ ಹೋಗುತ್ತಿದ್ದೇವೆ. ಆ ಬೋರ್ಡ್ ತನಗೂ ಕಾಣುವ ಕಡೆ ಸೀಟು ಬೇಕಂತೆ. ಯಾವ ಕಡೆ ಕೂರಿಸಲಿ?

ಬಲಗಡೆ ಸೀಟು:
ಎಟಿಆರ್ ಆದರೆ ಯಾವ ಕಿಟಕಿಯೂ ಆದೀತು, ರೆಕ್ಕೆ ಮೇಲೆ ಇರುವುದರಿಂದ ನೆಲ ಪೂರ್ತಿ ಕಾಣುತ್ತದೆ. ಹಳದಿ ಬೋರ್ಡ್ ದಾರಿ ತೋರಿಸುವವು. ರನ್‌ವೇಗೆ ಹತ್ತುವ ಮೊದಲು ಕೆಂಪು ಬೋರ್ಡ್ ಮೇಲೆ ಬಿಳಿ ಅಂಕಿ ಇರುತ್ತದೆ. ಸಾಂಬ್ರಾದಲ್ಲಿ 08, 26 ಹುಡುಕಲು ಹೇಳಿ. ನಾವು ಓದುವುದೂ ಅದನ್ನೇ.